ಅಕ್ಷಹೃದಯ

ಸಂಸ್ಕೃತದಲ್ಲಿ ‘ಅಕ್ಷ’ ಎಂಬ ಶಬ್ದಕ್ಕೆ ಹಲವು ಅರ್ಥಗಳುಂಟು. ಜೂಜಿನ ದಾಳಕ್ಕೂ ಅಕ್ಷವೆಂದು ಹೆಸರು. ಬಂಡಿಯ ಗಾಲಿಗಳನ್ನು ಧರಿಸುವ ಅಚ್ಚಿಗೂ ಅಕ್ಷವೆಂದೇ ಹೆಸರು. ಆಟವೂ ರಥವೂ ಹೀಗೆ ಒಂದೇ ಶಬ್ದದ ಮನೆಯಲ್ಲಿ ಒಕ್ಕಲಾಗಿರುವದು ನಮಗೆ ಯಾವಾಗಲೂ ಕೌತುಕದ ವಿಷಯವಾಗಿದೆ. ಮಹಾಭಾರತದ ವನಪರ್ವದಲ್ಲಿ ಬರುವ ನಳನ ಕಥೆಯು ವಾಚಕರಿಗೆ ಗೊತ್ತಿದ್ದುದೇ. ನಳನು ದಾಳದಾಟದಲ್ಲಿ ರಾಜ್ಯವನ್ನು ಕಳೆದುಕೊಂಡು, ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನಲ್ಲಿ ಸಾರಥಿಯಾಗಿ ನಿಂತನು. ವಿದರ್ಭಕ್ಕೆ ರಥವನ್ನು ಹೊಡೆಯುತ್ತಿರುವಾಗ ದಾರಿಯಲ್ಲಿ ಋತುಪರ್ಣನು ಅವನಿಗೆ ‘ಅಕ್ಷಹೃದಯ’ವನ್ನು, ಎಂದರೆ ದಾಳದ ಮರ್ಮವನ್ನು, ಉಪದೇಶಿಸಿದನು, ಅದಕ್ಕೆ ಪ್ರತಿಯಾಗಿ ನಳನು ‘ಅಶ್ವಹೃದಯ’ವನ್ನು ಕೊಡಲು ಒಪ್ಪಿದನು. ಆಟದಿಂದ ಕೆಟ್ಟವನು ರಥದಿಂದ ಹೊಟ್ಟೆ ಹೊರೆದನು. ರಥದ ಮೇಲೆ ಕುಳಿತೇ ಆಟದ ಮರ್ಮವನ್ನು ಕಲಿತನು. ಆ ಮರ್ಮದಿಂದ ಮತ್ತೆ ರಾಜ್ಯವನ್ನು ಪಡೆದನು. ಆಟವು ಮನುಷ್ಯನನ್ನು ಕೆಡಿಸುವದೋ ಉದ್ಧರಿಸುವದೋ ಎಂಬ ಪ್ರಶ್ನೆಗೆ ಆ ಕಥೆಯು ಒಂದೇ ಮಾತಿನ ಉತ್ತರವನ್ನು ಕೊಡುವದಿಲ್ಲ. ಮರ್ಮವನ್ನರಿಯದೆ ಆಡಿದವನು ಕೆಟ್ಟನು, ಅರಿತು ಆಡಿದವನು ಗೆದ್ದನು ಎಂದಷ್ಟೇ ಹೇಳುವದು.

ಈ ಕಥೆಯನ್ನು ಈಗ ನೆನೆಯಲು ಕಾರಣವುಂಟು. ಮಾವಳ್ಳಿಯ ನಮ್ಮ ಮನೆಯಲ್ಲಿ ಆಟ ಮತ್ತು ರಥ ಎರಡನ್ನೂ ಕುರಿತ ಒಂದು ವ್ಯಾಜ್ಯವು ನಮ್ಮ ಮುಂದೆ ಬಂದಿತು. ನಮ್ಮ ಹಿರಿಯಣ್ಣನವರ ಮೊಮ್ಮಗನಿಗೆ ಕಳೆದ ವೈಶಾಖದಲ್ಲಿ ಹದಿನೆಂಟು ತುಂಬಿತು. ಕಾರು ನಡೆಯಿಸುವ ಪರವಾನಗಿಗೆ ಅವನು ಈಗ ಅರ್ಹನು. ಆದರೆ ಎರಡು ವರ್ಷಗಳಿಂದ ಅವನ ಬಿಡುವಿನ ವೇಳೆಯೆಲ್ಲ ದೂರದರ್ಶನದ ಪಟದ ಮುಂದೆ, ಪಂದ್ಯದ ಕಾರುಗಳನ್ನೋಡಿಸುವ ವಿಡಿಯೋ ಆಟದಲ್ಲಿ ಕಳೆದುಹೋಗಿದೆ. “ಮಾವಯ್ಯ, ಆಟದಲ್ಲಿ ಗಂಟೆಗೆ ಇನ್ನೂರು ಕಿಲೋಮೀಟರು ಓಡಿಸಿ ರೂಢಿಯಾದ ಕೈಗೆ ಮನೆಯ ಕಾರಿನ ಕೀಲಿಕೈ ಕೊಡುವದು ಹೇಗೆ? ನೀವು ನೋಡಿ ಹೇಳಿ” ಎಂದು ಅವನ ತಾಯಿ ನಮ್ಮನ್ನು ಕೇಳಿದಳು. ಆಕೆಯ ಅಂಜಿಕೆ ಅಕಾರಣವಾದುದಲ್ಲ. ನಮ್ಮೂರಿನ ಪಕ್ಕದಲ್ಲಿಯೇ ಹಾದುಹೋಗುವ ೬೬ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹರೆಯದವರ ಅವಸರವು ಎಷ್ಟು ಮನೆಗಳ ದೀಪವನ್ನು ಆರಿಸಿದೆಯೆಂಬುದನ್ನು ಈ ಕಡಲತೀರದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೇಳಿದವಳು ತಾಯಿ, ಕೇಳಿದುದು ಮಗನ ಪ್ರಾಣದ ಪ್ರಶ್ನೆ. ಆದಕಾರಣ, ನೋಡದೆ ತೀರ್ಪು ಹೇಳುವದು ಸಲ್ಲದೆಂದು ನಾವು ಕೆಲವು ವಾರ ಸಂಜೆಯ ಹೊತ್ತು ಹುಡುಗನ ಬಳಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆವು.

ಅವನು ಆಡುವ ಆಟದ ಹೆಸರು ‘ಗ್ರಾನ್ ಟುರಿಸ್ಮೋ’. ಜಪಾನಿನ ಕಝುನೋರಿ ಯಾಮಾಉಚಿ ಎಂಬವರ ನೇತೃತ್ವದಲ್ಲಿ ಸಿದ್ಧವಾಗಿ, ೧೯೯೭ರಲ್ಲಿ ಪ್ಲೇಸ್ಟೇಶನ್ ಎಂಬ ಯಂತ್ರಕ್ಕಾಗಿ ಹೊರಟ ಈ ಆಟವು ಅಂದಿನಿಂದ ಹಲವು ಆವೃತ್ತಿಗಳನ್ನು ಕಂಡಿದೆ. ಏಳನೆಯದು ೨೦೨೨ರಲ್ಲಿ ಬಂದಿತು. ನಿಜವಾದ ಕಾರುಗಳ ಪ್ರತಿರೂಪಗಳೂ ನಿಜವಾದ ಪಂದ್ಯದ ದಾರಿಗಳ ಪ್ರತಿರೂಪಗಳೂ ಅದರಲ್ಲಿವೆ. ಆದರೆ ನಮ್ಮ ಗಮನವನ್ನು ಸೆಳೆದುದು ಓಟವಲ್ಲ, ಓಟಕ್ಕೆ ಮುಂಚಿನ ಸಿದ್ಧತೆ. ಕಾರಿನ ಸ್ಪ್ರಿಂಗುಗಳು ಎಷ್ಟು ಬಿಗಿಯಿರಬೇಕು, ಕುಲುಕಾಟವನ್ನು ತಣಿಸುವ ಶಾಕ್ ಅಬ್ಸಾರ್ಬರುಗಳು ಎಷ್ಟು ಗಟ್ಟಿಯಿರಬೇಕು, ಗಾಲಿಗಳು ಎಷ್ಟು ಓರೆಯಾಗಿ ನಿಲ್ಲಬೇಕು, ಕಾರಿನ ಹೊಟ್ಟೆಯು ನೆಲದಿಂದ ಎಷ್ಟು ಎತ್ತರವಿರಬೇಕು ಎಂಬುದನ್ನೆಲ್ಲ ಆಟಗಾರನೇ ಗೊತ್ತುಪಡಿಸಬಹುದು. ವೀಣೆಯನ್ನು ನುಡಿಸುವ ಮೊದಲು ತಂತಿಗಳನ್ನು ಶ್ರುತಿಗೊಳಿಸುವಂತೆ ಇದೊಂದು ಶ್ರುತಿ ಮಾಡುವ ಕೆಲಸ. ನಮ್ಮ ಹುಡುಗನು ಓಡಿಸುವದಕ್ಕಿಂತ ಹೆಚ್ಚು ಹೊತ್ತನ್ನು ಈ ಶ್ರುತಿಯಲ್ಲಿ ಕಳೆಯುತ್ತಿದ್ದನು.

ಅವನು ಆರಿಸಿಕೊಂಡಿದ್ದ ಕಾರು ‘ಸ್ವಿಫ್ಟ್ ಸ್ಪೋರ್ಟ್’. ನಮ್ಮ ಬೀದಿಗಳಲ್ಲಿ ದಿನವೂ ಕಾಣುವ ಸ್ವಿಫ್ಟಿನ ಚುರುಕಾದ ಸೋದರ. ಅದು ಮುಂದಿನ ಗಾಲಿಗಳಿಂದ ಎಳೆಯಲ್ಪಡುವ ಕಾರು. ಇದನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ಇಡಿಯ ಪ್ರಮೇಯವು ಇದರ ಮೇಲೆ ನಿಂತಿದೆ. ನಾವು ಚಿಕ್ಕವರಾಗಿದ್ದಾಗ ದಾರಿಯಲ್ಲಿ ಕಾಣುತ್ತಿದ್ದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮೊದಲಾದ ಕಾರುಗಳಲ್ಲಿ ಇಂಜಿನು ಮುಂದಿದ್ದರೂ ಅದರ ಶಕ್ತಿಯು ಉದ್ದವಾದೊಂದು ದಂಡದ ಮೂಲಕ ಹಿಂದಿನ ಗಾಲಿಗಳಿಗೆ ಹೋಗುತ್ತಿತ್ತು. ಹಿಂದಿನ ಗಾಲಿಗಳು ನೂಕುವವು, ಮುಂದಿನವು ತಿರುಗುವವು. ಹೀಗೆ ಕೆಲಸವು ಪಾಲಾಗಿತ್ತು. ಫ್ರಾನ್ಸಿನಲ್ಲಿ ಸಿತ್ರೋಯೆನ್ ಎಂಬ ಕಂಪನಿಯು ೧೯೩೪ರಲ್ಲಿ ಮುಂದಿನ ಗಾಲಿಗಳಿಂದ ಎಳೆಯುವ ಕಾರನ್ನು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿತು. ೧೯೫೯ರಲ್ಲಿ ಇಂಗ್ಲೆಂಡಿನಲ್ಲಿ ಅಲೆಕ್ ಇಸಿಗೋನಿಸ್ ಎಂಬವರು ‘ಮಿನಿ’ ಎಂಬ ಪುಟ್ಟ ಕಾರಿನಲ್ಲಿ ಇಂಜಿನನ್ನು ಅಡ್ಡಲಾಗಿ ಕೂಡಿಸಿ, ಉಳಿದ ಜಾಗವನ್ನೆಲ್ಲ ಕುಳಿತುಕೊಳ್ಳುವವರಿಗೆ ಬಿಟ್ಟುಕೊಟ್ಟರು. ನಮ್ಮ ದೇಶದಲ್ಲಿ ೧೯೮೩ರ ದಶಂಬರದಲ್ಲಿ ಮಾರುತಿ ೮೦೦ ಬಂದಾಗ ಈ ಕ್ರಮವು ಮನೆಮನೆಗೂ ತಲುಪಿತು. ಇಂದು ಸಾಮಾನ್ಯ ಗೃಹಸ್ಥನ ಸಣ್ಣ ಕಾರು ಹೆಚ್ಚಾಗಿ ಈ ಜಾತಿಯದೇ. ನಮ್ಮ ಮನೆಯ ಕಾರೂ ಹಾಗೆಯೇ.

ಮುಂದಿನಿಂದ ಎಳೆಯುವದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಎತ್ತಿನ ಬಂಡಿಯು ಇದೇ ಬಗೆಯದು. ಎಳೆಯುವವೂ ಎತ್ತುಗಳೇ, ತಿರುಗಿಸುವವೂ ಎತ್ತುಗಳೇ. ಗಾಲಿಗಳದು ಬರಿಯ ಹೊರುವ ಕೆಲಸ. ಆದಕಾರಣ ಬಂಡಿಗೆ ಹೇರು ಹೇರುವವನು ಭಾರವೆಲ್ಲಿ ಬಿದ್ದಿತೆಂದು ನೋಡುವನು. ಮುಂದಕ್ಕೆ ಹೆಚ್ಚು ಬಿದ್ದರೆ ನೊಗವು ಎತ್ತುಗಳ ಹೆಗಲನ್ನು ಒತ್ತುವದು. ಹಿಂದಕ್ಕೆ ಹೆಚ್ಚು ಬಿದ್ದರೆ ಮೂಕಿಯು ಮೇಲಕ್ಕೆದ್ದು ಕೊರಳ ಹಗ್ಗವು ಬಿಗಿಯುವದು. ಎಳೆಯುವವನನ್ನು ಬಳಲಿಸದಂತೆ ಹೊರೆಯನ್ನು ಹಂಚುವದೇ ಹೇರುವವನ ಜಾಣತನ. ಮುಂಗಾಲಿಯ ಕಾರನ್ನು ಶ್ರುತಿ ಮಾಡುವವನ ಜಾಣತನವೂ ಇದೇ ಎಂಬುದು ಕೆಲವು ಸಂಜೆಗಳಲ್ಲಿ ನಮಗೆ ಸ್ಪಷ್ಟವಾಯಿತು.

ಇಂಥ ಕಾರಿನಲ್ಲಿ ಇಂಜಿನಿನ ಭಾರವು ಮುಂದೆ. ಎಳೆಯುವದು ಮುಂದಿನ ಗಾಲಿ. ತಿರುಗಿಸುವದು ಮುಂದಿನ ಗಾಲಿ. ಬ್ರೇಕು ಒತ್ತಿದಾಗ ಭಾರವು ಮುಂದಕ್ಕೆ ವಾಲುವದರಿಂದ ತಡೆಯುವ ಕೆಲಸದ ಹೆಚ್ಚಿನ ಪಾಲೂ ಮುಂದಿನದೇ. ಹಿಂದಿನ ಗಾಲಿಗಳು ಮದುವೆಯ ಮನೆಯ ದೂರದ ನೆಂಟರಂತೆ ಜೊತೆಯಲ್ಲಿ ಬರುವವು, ಅಷ್ಟೇ. ಟಯರು ನೆಲವನ್ನು ಹಿಡಿಯುವ ಶಕ್ತಿಗೆ ಒಂದು ಮಿತಿಯುಂಟು. ಆ ಮಿತಿಯೊಳಗೆ ಎಳೆತಕ್ಕೆ ಖರ್ಚಾದುದು ತಿರುವಿಗೆ ಉಳಿಯುವದಿಲ್ಲ. ಆದರೆ ಈ ಖರ್ಚಿನ ಲೆಕ್ಕವು ರೂಪಾಯಿಯ ಲೆಕ್ಕದಂತಲ್ಲ. ಎಳೆತವು ಮುಂದಕ್ಕೂ ತಿರುವು ಪಕ್ಕಕ್ಕೂ ಆದುದರಿಂದ ಅದು ಕರ್ಣದ ಲೆಕ್ಕ. ಬೌಧಾಯನನ ಶುಲ್ಬಸೂತ್ರದಲ್ಲಿ ಯಜ್ಞವೇದಿಯನ್ನು ಅಳೆಯುವದಕ್ಕಾಗಿ ಹೇಳಿದ, ಪಾಶ್ಚಾತ್ಯರು ಪೈಥಾಗೊರಸನ ಹೆಸರಿನಿಂದ ಕರೆಯುವ ನಿಯಮವೇ ಇಲ್ಲಿಯೂ ಬರುವದು. ಒಟ್ಟು ಹಿಡಿತ ೧೦೦ ಎಂದಿಟ್ಟುಕೊಂಡರೆ, ಎಳೆತಕ್ಕೆ ೮೦ ಹೋದಾಗ ತಿರುವಿಗೆ ಉಳಿಯುವದು ೨೦ ಅಲ್ಲ, ೬೦. ಎಳೆತಕ್ಕೆ ೬೦ ಹೋದರೆ ೮೦ ಉಳಿಯುವದು. ಪೂರ್ತಿ ೧೦೦ ಎಳೆತಕ್ಕೇ ಹೋದರೆ ತಿರುವಿಗೆ ಶೂನ್ಯ. ಆಗ ಸ್ಟಿಯರಿಂಗನ್ನು ಎಷ್ಟು ತಿರುಗಿಸಿದರೂ ಕಾರು ಕೇಳುವದಿಲ್ಲ. ತಿರುವಿನಲ್ಲಿ ಹೊರಗಡೆಗೆ ನೇರವಾಗಿ ಸಾಗುವದು. ಇದಕ್ಕೆ ‘ಅಂಡರ್‌ಸ್ಟಿಯರ್’ ಎಂದು ಹೆಸರಂತೆ. ನಾವು ಅದನ್ನು ಕಾರಿನ ಮೊಂಡುತನವೆಂದು ಕರೆದೆವು. ಹುಡುಗನೂ ಆ ಹೆಸರನ್ನೇ ಹಿಡಿದನು.

ಅವನು ಓಡಿಸುತ್ತಿದ್ದುದು ಜಪಾನಿನ ಫುಜಿ ಎಂಬ ಪಂದ್ಯದ ದಾರಿಯ ಪ್ರತಿರೂಪದಲ್ಲಿ. ಸುಮಾರು ನಾಲ್ಕೂವರೆ ಕಿಲೋಮೀಟರಿನ ಆ ಸುತ್ತಿನಲ್ಲಿ ಒಂದೂವರೆ ಕಿಲೋಮೀಟರಿನಷ್ಟು ನೇರದಾರಿಯಿದ್ದು, ಅದರ ತುದಿಯಲ್ಲಿ ಬಲಕ್ಕೆ ಬಿಗಿಯಾದ ತಿರುವು ಬರುವದು. ನೇರದಲ್ಲಿ ಗಳಿಸಿದ ವೇಗವನ್ನೆಲ್ಲ ಆ ತಿರುವಿನಲ್ಲಿ ಮುಂದಿನ ಎರಡು ಟಯರುಗಳು ನುಂಗಬೇಕು. ಮೊದಮೊದಲು ಹುಡುಗನ ಕಾರು ಅಲ್ಲಿ ಪ್ರತಿಸಲವೂ ಮೊಂಡು ಹಿಡಿಯುತ್ತಿತ್ತು. ಮುಂದಿನ ಸ್ಪ್ರಿಂಗುಗಳನ್ನು ಬಿಗಿಮಾಡಿದರೆ ಮುಂಭಾಗವು ಗಟ್ಟಿಯಾಗಿ ನಿಂತು ತಿರುಗೀತೆಂದು ಅವನು ಎಣಿಸಿದನು. ಬಿಗಿ ಮಾಡಿದಷ್ಟೂ ಮೊಂಡುತನವು ಹೆಚ್ಚಿತು. ಇಲ್ಲಿ ನಾವು ಒಂದೇ ಒಂದು ಮಾತು ಹೇಳಿದೆವು: “ಒಂದು ಸಲಕ್ಕೆ ಒಂದನ್ನೇ ಬದಲಿಸು; ಬದಲಿಸಿದುದನ್ನೂ ಫಲವನ್ನೂ ಬರೆದಿಡು.” ವ್ಯಾಕರಣದಲ್ಲಿ ಪ್ರಯೋಗವನ್ನು ಸಾಧಿಸುವಾಗ ಒಂದು ಸೂತ್ರದ ಕೆಲಸ ಮುಗಿಯುವ ಮೊದಲು ಇನ್ನೊಂದನ್ನು ತರಬಾರದೆಂದು ಶಾಲೆಯಲ್ಲಿ ವರ್ಷಗಟ್ಟಲೆ ಹೇಳಿದ ನಾಲಿಗೆ ನಮ್ಮದು. ಅವನು ಇನ್ನೂರು ಪುಟದ ಒಂದು ನೋಟುಪುಸ್ತಕ ತಂದು ಗೆರೆ ಎಳೆದನು.

ಆ ಪುಸ್ತಕದಿಂದ ಹೊರಟ ತತ್ತ್ವವು ಮನೋಹರವಾಗಿದೆ. ಕಾರು ತಿರುಗುವಾಗ ಭಾರವು ಒಳಗಡೆಯ ಗಾಲಿಯಿಂದ ಹೊರಗಡೆಯ ಗಾಲಿಗೆ ಸರಿಯುವದು. ಸರಿಯುವ ಭಾರದ ಮೊತ್ತವು ವೇಗ, ಕಾರಿನ ತೂಕ, ಎತ್ತರ, ಅಗಲ ಇವುಗಳಿಂದ ನಿರ್ಧಾರವಾಗುವದು, ಅದನ್ನು ತಪ್ಪಿಸಲಾಗದು. ಆದರೆ ಆ ಮೊತ್ತದಲ್ಲಿ ಮುಂದಿನ ಅಚ್ಚಿನ ಪಾಲೆಷ್ಟು, ಹಿಂದಿನ ಅಚ್ಚಿನ ಪಾಲೆಷ್ಟು ಎಂಬುದನ್ನು ಸ್ಪ್ರಿಂಗುಗಳೂ, ಎಡಬಲದ ಗಾಲಿಗಳನ್ನು ಕೂಡಿಸುವ ‘ಆಂಟಿ-ರೋಲ್ ಬಾರ್’ ಎಂಬ ಉಕ್ಕಿನ ಸರಳೂ ನಿರ್ಣಯಿಸುವವು. ಯಾವ ಕಡೆ ಬಿಗಿ ಹೆಚ್ಚೋ ಆ ಕಡೆಯ ಅಚ್ಚು ಹೆಚ್ಚು ಪಾಲನ್ನು ಹೊರುವದು. ಟಯರಿನ ಸ್ವಭಾವವು ಎಂಥದೆಂದರೆ, ಭಾರ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಅದರ ಹಿಡಿತವು ಹೆಚ್ಚುವದಿಲ್ಲ. ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ: ಒಂದು ಅಚ್ಚಿನ ಎರಡು ಗಾಲಿಗಳ ಮೇಲೆ ತಲಾ ೩೦೦ ಕಿಲೋ ಭಾರವಿದ್ದು ಹಿಡಿತವೂ ತಲಾ ೩೦೦ ಇರಲಿ, ಒಟ್ಟು ೬೦೦. ತಿರುವಿನಲ್ಲಿ ೨೦೦ ಕಿಲೋ ಹೊರಗಡೆಗೆ ಸರಿದು ಹೊರಗಾಲಿಗೆ ೫೦೦, ಒಳಗಾಲಿಗೆ ೧೦೦ ಆದಾಗ, ಹೊರಗಾಲಿಯ ಹಿಡಿತವು ೫೦೦ ಆಗದೆ ೪೬೦ಕ್ಕೆ ನಿಂತು, ಒಳಗಾಲಿಯದು ೧೧೦ ಆದೀತು, ಒಟ್ಟು ೫೭೦. ಮೂವತ್ತು ಎಲ್ಲಿಯೋ ಸೋರಿಹೋಯಿತು. ಎಲ್ಲಿ ಭಾರವು ಹೆಚ್ಚು ಸರಿಯುವದೋ ಅಲ್ಲಿ ಈ ಸೋರಿಕೆಯೂ ಹೆಚ್ಚು.

ಈಗ ವಾಚಕರಿಗೆ ಮರ್ಮವು ಹೊಳೆದಿರಬಹುದು. ಮುಂದಿನ ಗಾಲಿಗಳಿಗೆ ಮೊದಲೇ ಮೂರು ಮನೆಯ ಚಾಕರಿ. ಅಲ್ಲಿ ಸೋರಿಕೆಗೆ ಆಸ್ಪದ ಕೊಡಬಾರದು. ಆದಕಾರಣ ಮುಂಭಾಗವನ್ನು ಮೃದುವಾಗಿಟ್ಟು, ಹಿಂಭಾಗವನ್ನು ಬಿಗಿಮಾಡಿ, ಸರಿಯುವ ಭಾರದ ಹೆಚ್ಚಿನ ಪಾಲನ್ನು ಕೆಲಸವಿಲ್ಲದ ಹಿಂದಿನ ಅಚ್ಚಿಗೆ ಹೊರಿಸಬೇಕು. ಆಟದಲ್ಲಿ ಈ ಸರಳಿನ ಬಿಗುವನ್ನು ೧ರಿಂದ ೧೦ರ ವರೆಗಿನ ಅಂಕಿಗಳಿಂದ ತೋರಿಸುವರು. ಹುಡುಗನು ಮುಂದಿನದನ್ನು ೫ರಿಂದ ೩ಕ್ಕೆ ಇಳಿಸಿದನು, ಸುತ್ತು ಹಾಕಿದನು, ಬರೆದನು. ಹಿಂದಿನದನ್ನು ೫ರಿಂದ ೭ಕ್ಕೆ, ಮರುದಿನ ೮ಕ್ಕೆ ಏರಿಸಿದನು. ನೇರದಾರಿಯ ತುದಿಯ ಆ ತಿರುವಿನಲ್ಲಿ ಕಾರು ವಿನಯವಾಗಿ ತಲೆ ಬಾಗಿಸಿತು. ತಿರುವಿನ ನಡುವೆ ಹಿಂದಿನ ಒಳಗಾಲಿಯು ನೆಲವನ್ನು ಬಿಟ್ಟು ಒಂದು ಗೇಣು ಮೇಲೆದ್ದಿತು. ನಾವು ಗಾಬರಿಯಾದೆವು. “ಸಣ್ಣಜ್ಜ, ಆ ಗಾಲಿಗೆ ಎಳೆಯುವ ಕೆಲಸ ಇಲ್ಲವಲ್ಲ, ಎದ್ದರೆ ಏಳಲಿ” ಎಂದು ಅವನು ನಕ್ಕನು. ನಿಜವಾದ ಪಂದ್ಯಗಳಲ್ಲಿಯೂ ಮುಂಗಾಲಿಯ ಕಾರುಗಳು ಹೀಗೆ ಮೂರು ಕಾಲಿನಲ್ಲಿ ತಿರುಗುವದುಂಟು.

ಉಳಿದ ತಂತಿಗಳನ್ನೂ ಅವನು ಒಂದೊಂದಾಗಿ ಮೀಟಿ ನೋಡಿದನು. ಕಾರು ಹೊರಗೆ ವಾಲುವಾಗ ಹೊರಗಾಲಿಯ ಟಯರು ಅಂಚಿನ ಮೇಲೆ ನಿಲ್ಲದೆ ಪೂರ್ತಿಯಾಗಿ ನೆಲವನ್ನು ಒತ್ತಬೇಕಾದರೆ, ನೇರ ನಿಂತಾಗ ಅದರ ನೆತ್ತಿಯು ತುಸು ಒಳಕ್ಕೆ ವಾಲಿರಬೇಕು. ಇದಕ್ಕೆ ‘ಕ್ಯಾಂಬರ್’ ಎನ್ನುವರು. ಅತಿಯಾದರೆ ನೇರದಾರಿಯಲ್ಲಿ ಬ್ರೇಕಿನ ಹಿಡಿತ ಕಡಿಮೆಯಾಗುವದು. ಮೇಲಿನಿಂದ ನೋಡಿದಾಗ ಎರಡು ಗಾಲಿಗಳ ಮೂಗುಗಳು ಒಳಕ್ಕೋ ಹೊರಕ್ಕೋ ತಿರುಗಿರುವದು ‘ಟೋ’. ಮುಂದೆ ತುಸು ಹೊರಕ್ಕಿದ್ದರೆ ಕಾರು ತಿರುವಿಗೆ ಬೇಗ ಓಗೊಡುವದು, ಹಿಂದೆ ಹೊರಕ್ಕಿದ್ದರೆ ಚಂಚಲವಾಗುವದು. ಸ್ಪ್ರಿಂಗು ಒಂದು ಸಲ ಅದುಮಿಸಿಕೊಂಡರೆ ತಾನಾಗಿ ನಿಲ್ಲದೆ ಮೇಲೆ ಕೆಳಗೆ ಆಡುವದು. ಆ ಆಟವನ್ನು ಎಣ್ಣೆಯ ತಡೆಯಿಂದ ತಣಿಸುವದು ಶಾಕ್ ಅಬ್ಸಾರ್ಬರಿನ ಕೆಲಸ. ಇವೆಲ್ಲವುಗಳಲ್ಲಿ ಹುಡುಗನು ಕಂಡುಕೊಂಡ ಒಂದು ಸತ್ಯವು ಅವನ ಪುಸ್ತಕದ ಒಂದು ಪುಟದ ಅಂಚಿನಲ್ಲಿ ಹೀಗಿದೆ: “ಎಲ್ಲ ಒಳ್ಳೆಯದಾಗುವ ಬದಲಾವಣೆ ಒಂದೂ ಇಲ್ಲ.” ಒಂದು ಕಡೆ ಪಡೆದುದಕ್ಕೆ ಇನ್ನೊಂದು ಕಡೆ ಬೆಲೆ ತೆರಬೇಕು. ಹದಿನೆಂಟರ ವಯಸ್ಸಿನಲ್ಲಿ ತಾನೇ ಕಂಡು ತಾನೇ ಬರೆದ ಈ ವಾಕ್ಯವನ್ನು ಓದಿ ನಮಗೆ ಸಂತೋಷವಾಯಿತು.

ಮುಂಗಾಲಿಯ ಪುಟ್ಟ ಕಾರುಗಳ ಪೌರುಷವನ್ನು ಲೋಕವು ಬಹುಕಾಲದ ಹಿಂದೆಯೇ ಕಂಡಿದೆ. ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್ ಎಂಬವರು ಸಾಬ್ ಎಂಬ ಮುಂಗಾಲಿಯ ಕಾರಿನಲ್ಲಿ ೧೯೬೨ ಮತ್ತು ೧೯೬೩ರಲ್ಲಿ ಮಾಂಟೆ ಕಾರ್ಲೋ ರ್‍ಯಾಲಿಯನ್ನು ಗೆದ್ದರು. ಇಸಿಗೋನಿಸರ ಮಿನಿಯು ೧೯೬೪, ೧೯೬೫ ಮತ್ತು ೧೯೬೭ರಲ್ಲಿ ಅದೇ ಪಂದ್ಯವನ್ನು ಗೆದ್ದಿತು. ಹಿಮ ಬಿದ್ದ ಬೆಟ್ಟದ ದಾರಿಯಲ್ಲಿ ದೊಡ್ಡ ಇಂಜಿನಿನ ಕಾರುಗಳನ್ನು ಈ ಚಿಕ್ಕವು ಹಿಂದೆ ಹಾಕಿದವು. ಎಳೆಯುವ ಗಾಲಿಯ ಮೇಲೆಯೇ ಇಂಜಿನಿನ ಭಾರವೂ ಕುಳಿತಿರುವದರಿಂದ ಜಾರುವ ನೆಲದಲ್ಲಿ ಅವಕ್ಕೆ ಕಾಲೂರಲು ಅನುಕೂಲ. ಆದರೆ ಇದಕ್ಕೂ ಒಂದು ಮಿತಿಯುಂಟು. ಕಡಿದಾದ ಏರಿನಲ್ಲಿ ಭಾರವು ಹಿಂದಕ್ಕೆ ವಾಲಿ ಮುಂದಿನ ಗಾಲಿಯು ಹಗುರಾಗುವದು. ಆಷಾಢದ ಮಳೆಯಲ್ಲಿ ಕೆಮ್ಮಣ್ಣಿನ ದಿಣ್ಣೆಯ ಮೇಲೆ ಇಂಥ ಕಾರಿನ ಗಾಲಿಯು ನಿಂತಲ್ಲೇ ಸುತ್ತುವದನ್ನು ನಮ್ಮ ಕಡೆಯವರು ನೋಡಿದ್ದಾರೆ. ಬಲ್ಲವರು ಆಗ ಕಾರನ್ನು ತಿರುಗಿಸಿ, ಹಿಮ್ಮುಖವಾಗಿ ಏರಿಸಿಕೊಂಡು ಹೋಗುವರು. ಹಾಗೆ ಮಾಡಿದಾಗ ಎಳೆಯುವ ಗಾಲಿಯು ಇಳಿಜಾರಿನ ಕಡೆಗೆ ಬಂದು ಅದರ ಮೇಲೆ ಭಾರ ಬೀಳುವದು.

ಇಷ್ಟರ ವರೆಗೆ ವಿದ್ಯೆಯ ಮಾತಾಯಿತು. ಒಂದು ದಿನ ಹುಡುಗನು, “ಸಣ್ಣಜ್ಜ, ನಮ್ಮ ಕಾರಿಗೂ ಹಿಂದೆ ಬಿಗಿ ಸ್ಪ್ರಿಂಗು ಹಾಕಿಸಿ, ಎರಡು ಅಂಗುಲ ತಗ್ಗಿಸಿದರೆ ಒಳ್ಳೆಯದಲ್ಲವೇ? ನೀವು ಹೇಳಿದರೆ ಅಪ್ಪ ಒಪ್ಪುತ್ತಾರೆ” ಎಂದನು. ಅವನ ತಾಯಿಯ ಅಂಜಿಕೆಯು ಎಲ್ಲಿ ಬೇರೂರಿದೆಯೆಂಬುದು ನಮಗೆ ಆ ಮಾತಿನಿಂದ ತಿಳಿಯಿತು. ಬೇಡವೆಂದು ಗದರಿಸಬಹುದಾಗಿತ್ತು. ಆದರೆ ಪ್ರಯೋಗದಿಂದ ಕಲಿಯುವವನಿಗೆ ಪ್ರಯೋಗದಿಂದಲೇ ಉತ್ತರ ದೊರೆಯಬೇಕೆಂದು ನಾವು ಇಷ್ಟನ್ನೇ ಕೇಳಿದೆವು: “ನಿನ್ನ ಆಟದಲ್ಲಿ ಮಳೆಯನ್ನು ತರಿಸಲು ಬರುವದೋ?” ಬರುವದೆಂದನು. “ಹಾಗಾದರೆ ಮಳೆ ತರಿಸು. ಬಿಗಿಮಾಡಿದ ಅದೇ ಕಾರನ್ನು ಓಡಿಸು. ತಿರುವಿನ ನಡುವೆ ಹಠಾತ್ತನೆ ದನವೊಂದು ಅಡ್ಡ ಬಂದಿತೆಂದು ತಿಳಿದು, ಎಕ್ಸಿಲರೇಟರಿನಿಂದ ಕಾಲನ್ನು ಒಮ್ಮೆಲೇ ತೆಗೆ.”

ಅವನು ಹಾಗೆಯೇ ಮಾಡಿದನು. ಕಾಲು ತೆಗೆದ ಕೂಡಲೆ ಭಾರವು ಮುಂದಕ್ಕೆ ವಾಲಿತು. ಮೊದಲೇ ಬಿಗಿಯಾಗಿದ್ದ ಹಿಂಭಾಗವು ಹಗುರಾಗಿ ಒದ್ದೆಯ ನೆಲವನ್ನು ಬಿಟ್ಟುಕೊಟ್ಟಿತು. ಕಾರು ಬಾಲ ಬೀಸಿ, ಬುಗುರಿಯಂತೆ ಒಂದೂವರೆ ಸುತ್ತು ತಿರುಗಿ, ಬಂದ ದಾರಿಯ ಕಡೆಗೇ ಮುಖ ಮಾಡಿ ಗೋಡೆಗೆ ತಾಗಿ ನಿಂತಿತು. ಹತ್ತು ಸಲ ಮಾಡಿದನು. ಏಳು ಸಲ ಹಾಗೆಯೇ ಆಯಿತು. ಅನಂತರ ನಾವು, ಕಾರಖಾನೆಯವರು ಕೊಟ್ಟಿದ್ದ ಮೊದಲಿನ ಶ್ರುತಿಯನ್ನೇ ಇಟ್ಟು ಓಡಿಸಲು ಹೇಳಿದೆವು. ಕಾರು ಮೊಂಡು ಹಿಡಿದು ಹೊರಗಡೆಗೆ ಸರಿಯಿತು. ಕಾಲು ತೆಗೆದೊಡನೆ ವೇಗ ತಗ್ಗಿ, ಮೂಗು ತಾನಾಗಿ ಒಳಕ್ಕೆ ಬಂದು, ದಾರಿಯಲ್ಲೇ ಉಳಿಯಿತು. ಹುಡುಗನು ಬಹಳ ಹೊತ್ತು ಮಾತಾಡಲಿಲ್ಲ. ಪುಸ್ತಕದಲ್ಲಿ ಮಾತ್ರ ಏನನ್ನೋ ಬರೆದುಕೊಂಡನು.

ಮನೆಬಳಕೆಯ ಕಾರಿಗೆ ಮೊಂಡುತನವನ್ನು ಮಾಡಿದವರು ಅರಿಯದೆ ಬಿಟ್ಟದ್ದಲ್ಲ, ಬೇಕೆಂದೇ ಇಟ್ಟದ್ದು. ಹೆದರಿದ ಮನುಷ್ಯನು ಮೊದಲು ಮಾಡುವ ಕೆಲಸವೆಂದರೆ ಎಕ್ಸಿಲರೇಟರಿನಿಂದ ಕಾಲು ತೆಗೆಯುವದು. ಹಾಗೆ ತೆಗೆದಾಗ ಯಾವ ಕಾರು ತಾನಾಗಿ ದಾರಿಗೆ ಬರುವದೋ ಅದು ಗೃಹಸ್ಥನ ಕಾರು. ಪಂದ್ಯದ ಕಾರಿಗೆ ಒಬ್ಬನೇ ಸವಾರ, ಒಣಗಿದ ನುಣುಪಾದ ದಾರಿ, ಎದುರಿನಿಂದ ಯಾರೂ ಬಾರದ ಭರವಸೆ. ನಮ್ಮ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಮೊಣಕಾಲು ನೋವಿನ ಅಜ್ಜಿ, ಡಿಕ್ಕಿಯಲ್ಲಿ ತೆಂಗಿನಕಾಯಿಯ ಚೀಲ; ಇಂದು ಒಬ್ಬರು, ನಾಳೆ ಐವರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಕರಾವಳಿ ನಮ್ಮದು. ಹೊನ್ನಾವರದಿಂದ ಗೇರುಸೊಪ್ಪೆಯ ಮೇಲೆ ಜೋಗದ ಕಡೆಗೆ ಘಟ್ಟ ಹತ್ತುವಾಗ ಒಂದು ತಿರುವು ಒಣಗಿದ್ದರೆ ಮುಂದಿನ ತಿರುವಿನಲ್ಲಿ ಕಾಡಿನ ನೀರು ಹರಿಯುತ್ತಿರುವದು. ಇಂಥ ದಾರಿಗೆ ಬಿಗಿಯಲ್ಲ, ಸಹನೆ ಬೇಕು. ೧೯೩೦ರ ದಶಕದಲ್ಲಿ ಅಮೇರಿಕೆಯ ಜನರಲ್ ಮೋಟರ್ಸ್ ಕಂಪನಿಯಲ್ಲಿ ಮಾರಿಸ್ ಓಲಿ ಎಂಬ ಇಂಜಿನಿಯರರು ಈ ಸುಖದ ವಿಷಯವನ್ನು ಶೋಧಿಸಿದರು. ಗುಂಡಿಯು ಮೊದಲು ಮುಂದಿನ ಗಾಲಿಗೂ ಅನಂತರ ಹಿಂದಿನ ಗಾಲಿಗೂ ಸಿಗುವದರಿಂದ, ಹಿಂದಿನ ಸ್ಪ್ರಿಂಗಿನ ಆಟವು ತುಸು ಚುರುಕಾಗಿದ್ದರೆ ಅದು ಮುಂದಿನದರ ಜೊತೆಗೂಡಿ, ಕಾರು ತೊಟ್ಟಿಲಿನಂತೆ ಮುಂದೆ ಹಿಂದೆ ತೂಗದೆ ಸಮನಾಗಿ ಸಾಗುವದೆಂದು ಅವರು ಕಂಡರು. ತುಸು ಚುರುಕೆಂದರೆ ತುಸುವೇ. ಅತಿಯಾದರೆ ಸುಖವೂ ಹೋಯಿತು, ಹಿಡಿತವೂ ಹೋಯಿತು.

‘ಸುಖ’ ಎಂಬ ಶಬ್ದವನ್ನೇ ನೋಡಿರಿ. ‘ಖ’ ಎಂದರೆ ರಂಧ್ರ. ಗಾಲಿಯ ಗುಂಬದಲ್ಲಿ ಅಚ್ಚು ಕೂಡುವ ರಂಧ್ರಕ್ಕೂ ಅದೇ ಹೆಸರು. ಯಾವ ರಥದ ರಂಧ್ರವು ಅಚ್ಚಿಗೆ ಸರಿಯಾಗಿ ಹೊಂದಿ ಗಾಲಿಯು ಸಲೀಸಾಗಿ ತಿರುಗುವದೋ ಅದು ‘ಸು-ಖ’ವಾದ ರಥವೆಂದು ಆ ಶಬ್ದದ ಮೂಲವನ್ನು ಕೆಲವು ವಿದ್ವಾಂಸರು ಬಿಡಿಸುವರು. ಈ ವ್ಯುತ್ಪತ್ತಿಯನ್ನು ಎಲ್ಲರೂ ಒಪ್ಪುವದಿಲ್ಲ. ಆದರೂ ಅದರಲ್ಲಿ ಒಂದು ತಿಳಿವಳಿಕೆಯಿದೆ. ತೀರ ಬಿಗಿಯಾದರೆ ಗಾಲಿ ಸುಡುವದು, ತೀರ ಸಡಿಲಾದರೆ ಗಾಲಿ ಅಲುಗುವದು. ಹುಡುಗನಿಗೆ ಇದನ್ನು ಹೇಳಿದಾಗ, “ಇದು ನಿಮ್ಮ ಕಾಲದ ಟ್ಯೂನಿಂಗು, ಸಣ್ಣಜ್ಜ” ಎಂದನು.

ಆಟದಲ್ಲಿ ಕಲಿತುದು ದಾರಿಯಲ್ಲಿ ಉಪಯೋಗಕ್ಕೆ ಬರುವದೋ ಎಂಬುದು ಉಳಿದ ಪ್ರಶ್ನೆ. ಬಂದುದಕ್ಕೆ ಸಾಕ್ಷಿಯುಂಟು. ಸ್ಪೇನಿನ ಲೂಕಾಸ್ ಒರ್ಡೋನೆಸ್ ಎಂಬ ತರುಣನು ಇದೇ ಆಟದ ಮೂಲಕ ನಡೆದ ಸ್ಪರ್ಧೆಯಲ್ಲಿ ಆರಿಸಲ್ಪಟ್ಟು, ನಿಜವಾದ ಪಂದ್ಯಗಳಲ್ಲಿ ಶಿಕ್ಷಣ ಪಡೆದು, ೨೦೧೧ರಲ್ಲಿ ಫ್ರಾನ್ಸಿನ ಲ ಮಾನ್ಸಿನ ಇಪ್ಪತ್ತನಾಲ್ಕು ತಾಸುಗಳ ಪಂದ್ಯದಲ್ಲಿ ತನ್ನ ತಂಡದವರೊಡನೆ ತಮ್ಮ ವರ್ಗದಲ್ಲಿ ಎರಡನೆಯ ಸ್ಥಾನವನ್ನು ಪಡೆದನು. ಆದರೆ ಆಟದಿಂದ ದಾರಿಗೆ ಹೋಗುವ ನಡುವೆ ಅವನಿಗೆ ಕಠಿನವಾದ ಶಿಕ್ಷಣವಾಯಿತೆಂಬುದನ್ನು ಮರೆಯಲಾಗದು. ಕಣ್ಣಿಗೂ ಬೆರಳಿಗೂ ತೋರಿಸುವಷ್ಟನ್ನು ಆಟವು ತೋರಿಸುವದು. ಟಯರು ಹಿಡಿತವನ್ನು ಬಿಡುವ ಮೊದಲು ಸ್ಟಿಯರಿಂಗು ಕೈಯಲ್ಲಿ ಹಗುರಾಗುವದು, ಹಿಂಭಾಗವು ಜಾರತೊಡಗಿದುದನ್ನು ಕುಳಿತ ಮೈಯು ಕಣ್ಣಿಗಿಂತ ಮೊದಲೇ ತಿಳಿಯುವದು. ಇವನ್ನು ಪಟದ ಮುಂದೆ ಕುಳಿತು ಪೂರ್ತಿಯಾಗಿ ಅರಿಯಲಾಗದು. ಎಲ್ಲಕ್ಕೂ ಮಿಗಿಲಾಗಿ, ಗೋಡೆಗೆ ತಾಗಿದಾಗ ಒತ್ತುವ ಒಂದು ಗುಂಡಿಯು ಆಟದಲ್ಲಿದೆ. ಒತ್ತಿದರೆ ಕಾರು ಹೊಸದಾಗಿ ಮೊದಲಿನ ಗೆರೆಯಲ್ಲಿ ನಿಲ್ಲುವದು. ಹೆದ್ದಾರಿಯಲ್ಲಿ ಆ ಗುಂಡಿಯಿಲ್ಲ.

ಹಾಗಾದರೆ ತಾಯಿಗೆ ಏನು ಹೇಳಬೇಕು? ನಾವು ಹೇಳಿದುದು ಇದು. ಆಟದಲ್ಲಿ ವೇಗವನ್ನಷ್ಟೇ ಕಲಿತ ಕೈಗೆ ಕೀಲಿಕೈ ಕೊಡಲಾಗದು. ಈ ಹುಡುಗನು ವೇಗಕ್ಕಿಂತ ಹೆಚ್ಚಾಗಿ ಮಿತಿಯನ್ನು ಕಲಿತಿದ್ದಾನೆ. ಮುಂದಿನ ಗಾಲಿಗೆ ಎಷ್ಟು ಕೇಳಬಹುದು, ಎಷ್ಟು ಕೇಳಬಾರದು ಎಂಬುದು ಅವನ ಲೆಕ್ಕದಲ್ಲಿದೆ. ತಿರುವಿನ ಒಳಗೆ ಬ್ರೇಕು ಒತ್ತದೆ, ತಿರುವಿಗೆ ಮೊದಲೇ ವೇಗವನ್ನು ಇಳಿಸಬೇಕೆಂಬುದನ್ನು ಅವನಿಗೆ ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ. ೮೦, ೬೦, ೧೦೦ರ ತ್ರಿಕೋನವು ಅದನ್ನು ಕಲಿಸಿದೆ. ಪರವಾನಗಿಯನ್ನ‌ು ಪಡೆಯಲಿ, ಶಾಲೆಯಲ್ಲಿ ಕ್ರಮವಾಗಿ ಕಲಿಯಲಿ, ಮೊದಲ ಒಂದು ಮಳೆಗಾಲವನ್ನು ತಂದೆಯು ಪಕ್ಕದಲ್ಲಿ ಕುಳಿತಿರುವಾಗಲೇ ಓಡಿಸಲಿ, ಕಾರಿನ ಸ್ಪ್ರಿಂಗಿಗೆ ಯಾರೂ ಕೈ ಹಚ್ಚದಿರಲಿ. ಟಯರಿನ ಗಾಳಿಯನ್ನು ತಿಂಗಳಿಗೆ ಎರಡು ಸಲ ನೋಡುವದೂ, ಸವೆದ ಟಯರನ್ನು ಮಳೆಗಾಲಕ್ಕೆ ಮುಂಚೆ ಬದಲಿಸುವದೂ ಅವನ ಪಾಲಿನ ಕೆಲಸವಾಗಲಿ. ನೆಲವನ್ನು ಮುಟ್ಟುವದು ಕೊನೆಗೆ ಅಂಗೈಯಗಲದ ಆ ರಬ್ಬರೊಂದೇ ಅಲ್ಲವೇ?

ಆಕೆಯು ಎಲ್ಲವನ್ನೂ ಕೇಳಿ, ಹುಡುಗನ ನೋಟುಪುಸ್ತಕವನ್ನು ಕೇಳಿ ತೆಗೆದುಕೊಂಡು ಹೋದಳು. ಮಳೆಯ ಪ್ರಯೋಗದ ದಿನ ಅವನು ಬರೆದುಕೊಂಡಿದ್ದುದನ್ನು ಓದಿದ ಮೇಲೆಯೇ ಕಲಿಕೆಯ ಪರವಾನಗಿಯ ಅರ್ಜಿಗೆ ಒಪ್ಪಿದಳಂತೆ. ಅಲ್ಲಿ ಇದ್ದುದು ಒಂದೇ ಸಾಲು: “ಅಮ್ಮ, ಅಜ್ಜಿ ಕಾರಿನಲ್ಲಿ ಇದ್ದರೆ ಈ ಸೆಟ್ಟಿಂಗು ಬೇಡ.”

ಗೃಹಸ್ಥರಾದ ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮಕ್ಕಳು ಪಟದ ಮುಂದೆ ಕುಳಿತಾಗ ಯಂತ್ರವನ್ನು ಆರಿಸುವ ಮೊದಲು ಒಂದು ಸಂಜೆ ಅವರ ಬಳಿಯಲ್ಲಿ ಕುಳಿತು, ಅವರು ಆಡುವದೇನು, ಅದರಲ್ಲಿ ಹುಡುಕುವದೇನು ಎಂಬುದನ್ನು ನೋಡಿರಿ. ಬರಿಯ ಗೆಲುವನ್ನು ಹುಡುಕುತ್ತಿದ್ದರೆ ಆಟದ ಹೊತ್ತನ್ನು ಮೊಟಕುಮಾಡಿರಿ. ಮರ್ಮವನ್ನು ಹುಡುಕುತ್ತಿದ್ದರೆ ಒಂದು ನೋಟುಪುಸ್ತಕವನ್ನು ತಂದುಕೊಡಿರಿ. ಅದರ ಬೆಲೆ ಬಹಳವಿಲ್ಲ.